ಕಾಲಂ ಇಲ್ಲದ್ದು

ದಾವಣಗೆರೆ. ಮಂಡಕ್ಕಿ ಭಟ್ಟಿಗಳ ಹಿಂದಿನ ಓಣಿ.
ಮೂರನೇ ದಿನದ ಭೇಟಿ. ತೂಕದ ಜೋಳಿಗೆ, ಥರ್ಮಾಮೀಟರು, ರಿಜಿಸ್ಟರು.
ಮಸಿ ಕೂತ ಕಿಟಕಿಯ ಕೆಳಗೆ ಫಿರೋಜಾ.
ಎರಡು ಕೆಜಿ ಎಂಟುನೂರು. ಜ್ವರ ಇಲ್ಲ. ಹೊಕ್ಕುಳು ಒಣಗುತ್ತಿದೆ.
ಬರೆದುಕೊಂಡೆ.

ಬರೆಯದೆ ಉಳಿದದ್ದು:
ಮಗುವನ್ನವಳು ಬಲಗಡೆಗೆ ಹಿಡಿದಿದ್ದಳು,
ಬಸ್ಸಿನಲ್ಲಿ ಯಾರೋ "ಚೂರು ಹಿಡ್ಕೊಳಮ್ಮ" ಅಂತ ಕೊಟ್ಟು
ಹರಿಹರದಲ್ಲಿ ಇಳಿದು ಮರೆತುಹೋದ ಗಂಟಿನ ಹಾಗೆ.
ಬಿಡುವಂತಿಲ್ಲ. ಬಿಚ್ಚಿ ನೋಡುವಂತಿಲ್ಲ.
ಎಡಗೈ ಮಡಿಲಲ್ಲಿ ಅಂಗಾತ ಬಿದ್ದಿತ್ತು.
ಅವಳು ನೋಡುತ್ತಿದ್ದ ಗೋಡೆಯನ್ನೇ
ಮಗುವೂ ನೋಡುತ್ತಿತ್ತು.

ಹಾಲು? ಬರ್ತದಕ್ಕ.
ನಿದ್ದೆ? ಬರ್ತದೆ.
ಮತ್ತೆ? ಏನಿಲ್ಲಕ್ಕ.
ಒಳಗಿಂದ ಅತ್ತೆ: "ಏನ್ ಕಮ್ಮಿ ಆಗೇತ್ರೀ ಇಕೀಗೆ? ಗಂಡು ಹುಟ್ಟೇತಿ."

ಏಳನೇ ದಿನ ನಾನೇ ಎತ್ತಿ ಎಡಕ್ಕೆ ಹಾಕಿದೆ.
"ಎದೆಬಡಿತ ಕೇಳಲಿ ಅದಕ್ಕೆ" ಅಂದೆ
ಟ್ರೈನಿಂಗ್ ಮುಗಿಸಿದವಳ ಗತ್ತಿನಲ್ಲಿ.
ಹೂಂ ಅಂದಳು.
ಚಪ್ಪಲಿ ಮೆಟ್ಟಿ ತಿರುಗುವಷ್ಟರಲ್ಲಿ ಮಗು ಮತ್ತೆ ಬಲಕ್ಕೆ.
ಎಡಗಡೆ ಅವಳದೇ ಏನೋ ಕೂತಿತ್ತು,
ಜಾಗವಿರಲಿಲ್ಲ.

ದಾರಿಯಲ್ಲಿ ನೆನಪಾಯಿತು, ನನ್ನ ಮೊದಲ ಬಾಣಂತನ.
ಒಗೆಯಲು ಹಾಕಿದ ರವಿಕೆಗಳನ್ನು ತಿರುವಿ ತಿರುವಿ ನೋಡಿ ಅವ್ವ,
"ಎಲ್ಲಾ ಬಲ ಹೆಗಲಿಗೇ ಕಕ್ಕೇತಲ್ಲೇ ಕೂಸು.
ಎಡಕ್ಕೆ ಒಂದು ಕಲೇನೂ ಇಲ್ಲ."
ಉತ್ತರಕ್ಕೆ ಕಾಯದೆ ಸೋಪು ಹಚ್ಚಿದಳು.
ಅವತ್ತು ಸಂಜೆ ಕೂಸನ್ನು ಮುಟ್ಟಲಿಲ್ಲ ಅವಳು,
ನನ್ನ ನೆತ್ತಿಗೆ ಎಣ್ಣೆ ಒತ್ತಿದಳು,
ಕತ್ತಲಾಗುವವರೆಗೆ.

ಹದಿನಾಲ್ಕನೇ ದಿನ ಜೋಳಿಗೆ ಬಿಚ್ಚಲೇ ಇಲ್ಲ.
ಮಗುವನ್ನು ಅತ್ತೆಯ ತೊಡೆಗೆ ದಾಟಿಸಿ
ಭಟ್ಟಿಯಿಂದ ಒಂದು ಸೇರು ಬಿಸಿ ಮಂಡಕ್ಕಿ ತಂದೆ.
"ಬಾಣಂತಿಗೆ ವಾಯು ಆಗ್ತೇತಿ" ಅಂದರು. ಆಗಲಿ.
ಬಾಯಲ್ಲಿ ಮಂಡಕ್ಕಿ ಗರಗರ ಅನ್ನುವಾಗ
ಆ ಸದ್ದಿನ ಮರೆಯಲ್ಲಿ ಕೆಲವು ಮಾತು ಆಡಬಹುದು.
ಆಡಿದಳು.
ಏನೆಂದು ಬರೆಯಲಾರೆ. ಅದಕ್ಕೂ ಕಾಲಂ ಇಲ್ಲ.
ಸೆರಗಿನ ತುಂಬ ಮಂಡಕ್ಕಿ ಚೆಲ್ಲಿತ್ತು,
ಆರಿಸುತ್ತ ಅತ್ತಳು, ಆರಿಸುತ್ತಲೇ ತಿಂದಳು.

ಆಮೇಲೆ ಎರಡು ಸಲ ಹೋದೆ.
ಒಮ್ಮೆ ಮಲಗಿದ್ದಳು. ಎಬ್ಬಿಸಲಿಲ್ಲ.

ನಲವತ್ತೆರಡನೇ ದಿನ, ಮೂರು ಕೆಜಿ ಒಂಬೈನೂರು.
ಮಗು ಇನ್ನೂ ಬಲಗಡೆಗೇ.
ನಾನೇನೂ ಅನ್ನಲಿಲ್ಲ. ಸಹಿಗೆ ಪೆನ್ನು ಕೊಟ್ಟೆ.
ಬಲಗೈ ಬೇಕಾಯಿತಲ್ಲ,
ಮಗುವನ್ನು ಎಡಕ್ಕೆ ಸರಿಸಿಕೊಂಡು
ಒಂದೊಂದೇ ಅಕ್ಷರ ನಿಧಾನ ಬರೆದಳು.
ಬರೆದಾದ ಮೇಲೂ
ಅದು ಅಲ್ಲೇ ಇತ್ತು,
ಅವಳ ಮೂಗುತಿ ನೋಡುತ್ತ.

ಪೆನ್ನು ವಾಪಸು ಕೇಳದೆ
ಸದ್ದಾಗದಂತೆ ಚಪ್ಪಲಿ ಮೆಟ್ಟಿದೆ.