ಜಾಡಿ ಮುಚ್ಚಳದ ರಬ್ಬರು

ಗ್ಯುಮ್ರಿಯಿಂದ ಅಶೋತ್ಸ್ಕ್‌ಗೆ ಹೋಗುವುದು
ದಾರಿಯಲ್ಲ, ಹಲ್ಲುದುರಿದ ಬಾಚಣಿಗೆ.
ವಾರಕ್ಕೆ ಆರು ದಿನ ಚೀಸು ಹೇರಿಕೊಂಡು
ಅದರ ಮೇಲೆ ನನ್ನ ಹಳೆಯ ವ್ಯಾನು.
ಸೀಟಿನಡಿ, ನಾಲ್ಕು ಗಾಜಿನ ವಾಲ್ವುಗಳ
ಒಂದು ಆಂಪ್ಲಿಫೈಯರು.

ಟ್ರಾನ್ಸಿಸ್ಟರಿನದು ಹಾಕಿಸಬಾರದೇ ಅಂದರು ಎಲ್ಲರೂ.
ಅದರ ದನಿ ನಲ್ಲಿ ನೀರು. ಶುದ್ಧ, ಒಪ್ಪಿದೆ.
ನನಗೆ ಬೇಕಾದ್ದು ಮಡಕೆ ನೀರು.

ಮೊದಲ ಚಳಿಗಾಲಕ್ಕೇ ಎರಡು ವಾಲ್ವು ಕೆಟ್ಟವು.
ಒಂದರೊಳಗೆ ಎಳೆ ಕಡಿದು
ಅಲ್ಲಾಡಿಸಿದರೆ ಗೆಜ್ಜೆ.
ಇನ್ನೊಂದು ಬದುಕಿತ್ತು, ತಲೆ ಕೆಟ್ಟಿತ್ತು:
ಹೊಂಡ ಸಿಕ್ಕಾಗೆಲ್ಲ ಹಾಡಿನ ನಡುವೆ
ಯಾರೋ ಕಂಚಿನ ತಟ್ಟೆ ಕೈಬಿಟ್ಟ ಹಾಗೆ
ಠಣ್!

ಮಾನ್ವೆಲ್‌ನ ಅಂಗಡಿ ತುಕ್ಕು ಹಿಡಿದ ತಗಡಿನ ಪೆಟ್ಟಿಗೆ.
ಭೂಕಂಪದ ವರ್ಷ ಮನೆಯೆಂದು ಕೊಟ್ಟದ್ದು,
ಒಂದು ಚಳಿಗಾಲದ ಮಟ್ಟಿಗೆ ಅಂದಿದ್ದರಂತೆ.
ಆಗ ಹುಡುಗ, ಈಗ ಐವತ್ತರ ಹತ್ತಿರ.
ಯಾರು ಬಾಗಿಲು ತೆರೆದರೂ ಮೊದಲು ನೋಡುವುದು
ಸೂರಿಂದ ಇಳಿಬಿದ್ದ ಬಲ್ಬನ್ನು,
ಆಮೇಲೆ ಬಂದವರ ಮುಖ.

‘ಎಂಟು ಬೋಲ್ಟು ಹಾಕಿದ್ದೆ, ಕೂದಲಷ್ಟೂ ಅಲುಗುತ್ತಿರಲಿಲ್ಲ’ ಎಂದೆ.
ನಕ್ಕ.
‘ಅದಕ್ಕೇ ಸತ್ತದ್ದು.
ವ್ಯಾನಿನ ಎಲುಬಿಗೆ ಇದರ ಎಲುಬು ಹೊಲಿದರೆ
ಅದರ ಚಳಿಜ್ವರ ಇದಕ್ಕೂ.’

ಹಾಗೆಂದು ಅವನೂ ಮೊದಲ ಸಲಕ್ಕೇ ಗೆದ್ದವನಲ್ಲ.
ಯಾವುದೋ ತೊಟ್ಟಿಲಿನ ನಾಲ್ಕು ಸ್ಪ್ರಿಂಗಿಗೆ ಕಟ್ಟಿಕೊಟ್ಟ;
ಊರು ದಾಟುವ ಮೊದಲೇ ಪೆಟ್ಟಿಗೆ ಮೇಕೆಮರಿಯಾಗಿ
ಎಗರಿ ಎಗರಿ ಸೀಟಿಗೆ ತಲೆ ಚಚ್ಚಿಕೊಂಡಿತು.
ಮೂರನೆಯ ವಾಲ್ವಿಗೂ ತಿಥಿ.

ಎರಡನೆಯ ಸಲ ಜಾಮಿನ ಜಾಡಿಗಳಿಗೆ ಕೈ ಹಾಕಿದ.
ಮುಚ್ಚಳದ ಕೆಂಪು ರಬ್ಬರು ಉಂಗುರಗಳು,
ಮೂರು ಮೂರು ಒಟ್ಟಿ, ನಾಲ್ಕು ಮೂಲೆಗೆ ಮೆತ್ತೆ.
ಗೋಡೆಯಾಚೆಯಿಂದ ಅವನ ತಾಯಿ ಸಿರಾನುಷ್:
‘ಏಪ್ರಿಕಾಟಿಗೆ ಬೂಷ್ಟು ಹಿಡಿದರೆ
ಈ ಸಲ ನಿನ್ನ ವಾಲ್ವನ್ನೇ ಬ್ರೆಡ್ಡಿಗೆ ಸವರಿಕೋ!’

ಬಿಸಿ ಗಾಜಿಗೆ ಆ ರಬ್ಬರು ಸಲ್ಲದು, ಸುಡುತ್ತದೆ.
ಆಸ್ಪತ್ರೆಯ ಸಿಲಿಕೋನ್ ಕೊಳವೆ ಕೊಯ್ದು
ಒಂದೊಂದು ವಾಲ್ವಿಗೂ ಎರಡೆರಡು ಬಳೆ ತೊಡಿಸಿದ.
ಹೊಸ ವಾಲ್ವುಗಳನ್ನು ಪೆನ್ಸಿಲಿನಿಂದ ತಟ್ಟಿ ತಟ್ಟಿ
ಸ್ಪೀಕರಿಗೆ ಕಿವಿಯಿಟ್ಟ, ಕಲ್ಲಂಗಡಿ ಆರಿಸುವವನಂತೆ.
ಠಣ್ ಎಂದದ್ದು ಆಚೆಗೆ,
ದೊಪ್ ಎಂದದ್ದು ಒಳಗೆ.

‘ತಂತಿಗೆ ಒಂದು ಸುತ್ತು ಸಡಿಲ ಇರಲಿ.
ನಡುಕ ನಿಲ್ಲಿಸೋಕೆ ನಾವ್ಯಾರು?
ಅದು ಹತ್ತು ಸಲ ನಡುಗೋ ಹೊತ್ತಿಗೆ
ನೀನು ಒಂದು ಸಲ ತೂಗು, ಸಾಕು.’
ಕಾವಿಯ ತುದಿ ಒರೆಸುತ್ತ
‘ನಮ್ಮ ಶಾಲೆ ಬಲು ಬಿಗಿಯಾಗಿತ್ತು’ ಎಂದ.
ಮತ್ತೆ ಬೆಸುಗೆಯ ಕಡೆ ತಿರುಗಿದ.

ಪರೀಕ್ಷೆಗೆಂದು ಜೊತೆಗೇ ಬಂದ, ಹಿಮ ಬೀಳುತ್ತಿತ್ತು.
ಹಾಡು ಕೇಳಲಿಲ್ಲ ಅವನು;
ಸೀಟಿನಡಿ ಕೈಯಿಟ್ಟು, ಕಣ್ಣು ಮುಚ್ಚಿ
ಪ್ರತಿ ಹೊಂಡಕ್ಕೂ ನಾಡಿ ಹಿಡಿದ.
ಕಬ್ಬಿಣದ ಸೇತುವೆಯ ಸಂದಿನಲ್ಲಿ ಮಾತ್ರ
ತೀರಾ ತೆಳುವಾಗಿ, ಉಗುರು ತಾಗಿದಷ್ಟು, ಠಿಣ್.
‘ಎರಡನೆಯದು. ಬದಲಿಸಲಾ?’
ಬೇಡವೆಂದೆ. ಸೇತುವೆ ಬಂತೆಂದು
ಯಾರಾದರೂ ಹೇಳಲಿ ಮಂಜಿನಲ್ಲಿ.

ಮರಳಿ ಅಂಗಡಿಗೆ ಬಿಟ್ಟೆ. ಒಳಗೆ ಹೋಗಿ
ಅವನ ಹಿಂದೆಯೇ ಬಾಗಿಲು ಎಳೆದುಕೊಂಡೆ, ತುಸು ಜೋರಾಗಿ.
ಬಲ್ಬು ತೂಗಿತು.
ಅವನ ನೆರಳು ಗೋಡೆಯ ಮೇಲೆ ಆಚೆಗೊಮ್ಮೆ ಈಚೆಗೊಮ್ಮೆ.
ಅದು ನಿಲ್ಲುವ ತನಕ ಇಬ್ಬರೂ
ಕೋಟು ಬಿಚ್ಚದೆ ನಿಂತೆವು.

ಆಚೆಯಿಂದ ಸಿರಾನುಷ್ ಕೇಳಿದಳು:
‘ಬಂದಿರಾ? ನನ್ನ ಜಾಡಿಯ ರಬ್ಬರು ಎಲ್ಲಿ?’