ಉಸಿರು ಹಿಡಿಯಿರಿ, ಈಗ ಬಿಡಿ

ನಾನು ಡಾಕ್ಟರಲ್ಲ, ವ್ಯಾನಿನ ಡ್ರೈವರು.
ಮೊಖೋತ್ಲೊಂಗಿನ ಬೆಟ್ಟಕ್ಕೆ, ಜುಲೈ ಹಿಮದಲ್ಲಿ,
ಎಕ್ಸ್‌ರೇ ಪೆಟ್ಟಿಗೆ ಹೊತ್ತು ತರುವುದು,
ಜನರೇಟರಿಗೆ ಡೀಸೆಲ್ ಕುಡಿಸುವುದು,
ಸಾಲಿನಲ್ಲಿ ಜಗಳವೆದ್ದರೆ ನಡುವೆ ನಿಲ್ಲುವುದು,
ಇಷ್ಟೇ ನನ್ನ ಕೆಲಸ.

ಇವತ್ತು ಜಗಳ ಪೆಟ್ಟಿಗೆಯದೇ.
ಎದೆಯ ಚಿತ್ರ ತೆಗೆದ ಒಂದೇ ನಿಮಿಷಕ್ಕೆ
ಲ್ಯಾಪ್‌ಟಾಪು ತಾನೇ ಒಂದು ಅಂಕಿ ಹೇಳುತ್ತದೆ.
ಅರವತ್ತು ದಾಟಿದರೆ ಡಬ್ಬಿಗೆ ಕಫ ಉಗುಳಬೇಕು,
ದಾಟದಿದ್ದರೆ ಕುದುರೆ ಹತ್ತಿ ಮನೆಗೆ.
ಡಾಕ್ಟರು?
ಮಸೇರುವಿನಲ್ಲಿದ್ದಾರೆ. ಸೋಮವಾರ ನೋಡುತ್ತಾರಂತೆ.

ಮಾಪಾಲೆಸಾ ಕಂಬಳಿಯ ಪಿನ್ನು ಬಿಚ್ಚಲೊಲ್ಲಳು.
“ಹೆಸರೂ ಕೇಳದ್ದು ನನ್ನ ಎದೆ ನೋಡುವುದೆ?”
ಹಿಂದೆ ನಿಂತ ಹುಡುಗಿ, ಫೋನಿನಿಂದ ಕಣ್ಣೆತ್ತದೆ:
“ಕೇಳದ್ದೇ ಒಳ್ಳೆಯದಾಯ್ತು, ಅಜ್ಜಿ.
ಕ್ಲಿನಿಕ್ಕಿನಲ್ಲಿ ಕೇಳಿದರು.
ಸಂಜೆಯೊಳಗೆ ಊರಿಗೇ ಗೊತ್ತು
ನನಗೆ ಯಾವ ಮಾತ್ರೆ ಕೊಟ್ಟರೆಂದು.”
ನರ್ಸು ಕೆನೆವೆ ಕೇಳಿಸದವಳಂತೆ
ಒಂದೊಂದೇ ಬೆರಳಿಗೆ ಗ್ಲೌಸು ಎಳೆದುಕೊಂಡಳು.

ಚರ್ಚಿನ ಹಿರಿಯನಿಗೆ ಬೇರೆಯದೇ ಅನುಮಾನ:
“ಇದು ಯಾರ ಎದೆ ನೋಡಿ ಕಲಿತದ್ದು?
ನಮ್ಮ ಬೆಟ್ಟದವರದೋ, ಸಮುದ್ರದಾಚೆಯವರದೋ?”
ಯಾರಿಗೂ ಗೊತ್ತಿರಲಿಲ್ಲ.
ಪೆಟ್ಟಿಗೆ ಮಗುಚಿ ಚೀಟಿ ಓದಿದೆ:
ಎಷ್ಟು ವೋಲ್ಟು, ಅಷ್ಟೇ ಬರೆದಿತ್ತು.
ದನ ಕಾಯುವ ಹುಡುಗನೊಬ್ಬ ಪರದೆಯಲ್ಲಿ ತನ್ನ ಪಕ್ಕೆಲುಬು ಕಂಡು
“ನನ್ನೊಳಗೂ ಬೇಲಿ ಹಾಕಿದ್ದಾರೆ!” ಎಂದು ಬಿದ್ದು ಬಿದ್ದು ನಕ್ಕ.

ಅಂಗೈ ಹುಣ್ಣಿಗಾದರೆ ಕನ್ನಡಿ ಬೇಡ.
ಇದು ಒಳಗಿನದು.

ಆಗ ಮುಂದೆ ಬಂದ ಸೆಖೊಬೆ,
ಗಣಿಯ ಕಾಲದ ಬಿಳಿ ಗಂಬೂಟು,
ಎರಡು ಮಾತಿಗೊಂದು ಕೆಮ್ಮು.
“ವೆಲ್ಕಮ್ಮಿನಲ್ಲಿ ಇಪ್ಪತ್ತಾರು ವರ್ಷ,
ಇಪ್ಪತ್ತಾರು ಫೋಟೊ.
ಡಾಕ್ಟರು ಬೆಳಕಿಗೆ ಹಿಡಿದು ನೋಡುತ್ತಿದ್ದ.
ಒಳ್ಳೆಯವನೇ. ಹೆಸರು ಕೇಳುತ್ತಿದ್ದ,
ಮಕ್ಕಳೆಷ್ಟು ಎನ್ನುತ್ತಿದ್ದ,
‘ಫಿಟ್’ ಎಂದು ಠಸ್ಸೆ ಒತ್ತುತ್ತಿದ್ದ.
ಕೊನೆಯದಕ್ಕೂ ಒತ್ತಿದ.
ಮರುತಿಂಗಳು ಬಸ್ಸು ಹತ್ತಿಸಿದರು.”
ನನ್ನ ಕಡೆ ತಿರುಗಿದ:
“ಈ ಪೆಟ್ಟಿಗೆಗೆ ಸಂಬಳ ಯಾರದು?”

ಗೊತ್ತಿಲ್ಲ ಎಂದೆ.

“ಗೊತ್ತಾಗುವವರೆಗೆ ನಂಬುತ್ತೇನೆ.”

ಉಸಿರು ಹಿಡಿಯಿರಿ, ಎಂದಳು ಕೆನೆವೆ.
“ಹಿಡಿಯೋಕೆ ಎಷ್ಟಿದೆ ತಾಯಿ?” ಎಂದು ನಕ್ಕು, ಹಿಡಿದ.
ಮೂವತ್ನಾಲ್ಕು.
ಕ್ಷಯವಿಲ್ಲ, ಮನೆಗೆ ಹೋಗಬಹುದು.
ಆದರೆ ಅವಳು ಪರದೆ ಬಿಟ್ಟು ಏಳಲಿಲ್ಲ.
ಎರಡೂ ಶ್ವಾಸಕೋಶದ ತುಂಬ
ಜೋಳದ ಹಿಟ್ಟು ಜರಡಿ ಹಿಡಿದ ಹಾಗೆ ಬಿಳಿ ಬಿಳಿ.
ಪೆಟ್ಟಿಗೆಗೆ ಕಲಿಸಿದ್ದು ಒಂದೇ ರೋಗ.
ಗಣಿಯ ಧೂಳನ್ನು ಅದಕ್ಕೆ ಯಾರೂ ಕೇಳಿರಲಿಲ್ಲ,
ಅದೂ ಹೇಳಲಿಲ್ಲ.

“ಧೂಳು ಅನಿಸುತ್ತೆ. ನಾನು ಡಾಕ್ಟರಲ್ಲ,” ಎಂದಳು,
ಫೋನಿನಲ್ಲಿ ಚಿತ್ರದ ಚಿತ್ರ ತೆಗೆದು
ಮಸೇರುವಿಗೆ ಕಳಿಸಿದಳು.
ಸಿಗ್ನಲ್ಲಿಲ್ಲ. ಬಿಳಿ ವೃತ್ತ ತಿರುಗುತ್ತಲೇ ಇತ್ತು.
ಸೆಖೊಬೆ ಕಾದ,
ನೆಲಮಾಳಿಗೆಯ ಲಿಫ್ಟು ಕಾದವನ ಹಾಗೆ,
ಕೈ ಕಟ್ಟಿ.

ಅಷ್ಟರಲ್ಲಿ ಮಾಪಾಲೆಸಾ ಪಿನ್ನು ಬಿಚ್ಚಿದ್ದಳು.
ಚಳಿಗೆ ನಡುಗುತ್ತ ಪೆಟ್ಟಿಗೆಯೆದುರು ನಿಂತು
ತನ್ನ ಹೆಸರು ಹೇಳಿದಳು,
ತಾಯಿಯ ಹೆಸರು, ಅಜ್ಜಿಯದು,
ಹೊಳೆಯಾಚೆಯ ತನ್ನ ಹಳ್ಳಿಯದು,
ಗಟ್ಟಿಯಾಗಿ, ಕಿವುಡರಿಗೆ ಹೇಳುವ ಹಾಗೆ.
ಕೆನೆವೆ ಗುಂಡಿಯ ಮೇಲೆ ಬೆರಳಿಟ್ಟು
ಅವಳು ಮುಗಿಸುವವರೆಗೂ ಒತ್ತಲಿಲ್ಲ.

ಜನರೇಟರು ಕೆಮ್ಮಿತು.
ಡೀಸೆಲ್ ತರಲು ಹೋದೆ.