ಮೂಗು ಹುಡುಕಿಕೊಂಡು ಮೇಲುಕೋಟೆಗೆ

ಜ್ವರ ಬಿಟ್ಟು ಏಳು ತಿಂಗಳು.
ಹೋಗುವಾಗ ಅದು ನನ್ನ ಮೂಗನ್ನೂ ಜೊತೆಗೆ ಕರಕೊಂಡು ಹೋಯಿತು.
ಮಂಡ್ಯದ ಗುತ್ತಲು ರಸ್ತೆಯ ಮೆಸ್ಸಿನಲ್ಲಿ
ದಿನಾ ನೂರಿಪ್ಪತ್ತು ಜನಕ್ಕೆ ಸಾರು ಕುದಿಸುವವಳು ನಾನು.
ಇಂಗು ಹಾಕಿದೆನೋ ಇಲ್ಲವೋ
ಡಬ್ಬಿಯ ಮುಚ್ಚಳ ನೋಡಿ ತಿಳಿಯಬೇಕು.

ಹದ ನೋಡುವುದು ಹೊಂಬಾಳ.
ಹತ್ತೊಂಬತ್ತರ ಹುಡುಗ, ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು
ಸುರ್ರನೆ ಹೀರಿ, ಕಣ್ಣು ಮುಚ್ಚಿ,
‘ಸರ್ಯಾಗದೆ ಕಣಕ್ಕ’ ಅನ್ನುತ್ತಾನೆ.
ನಂಬುತ್ತೇನೆ, ಇನ್ನೇನು ಮಾಡಲಿ.
ಗಿರಾಕಿಗಳು ಒಬ್ಬರೂ ಕಮ್ಮಿಯಾಗಿಲ್ಲ.
ಒಳಗೊಳಗೆ ಚುಚ್ಚುವುದು ಅದೇ.

ಮಂಗಳವಾರ, ಮಧ್ಯಾಹ್ನದ ಪಾತ್ರೆ ಕವುಚಿದ ಮೇಲೆ
ಅವನೇ ಅಂದ: ‘ನಡೀರಿ, ಮೇಲ್ಕೋಟೆಗೆ ಹೋಗ್ಬರವ.
ಅಲ್ಲೀ ಪುಳಿಯೋಗ್ರೆಗೆ ಸತ್ತ ನಾಲ್ಗೆನೂ ಎದ್ದು ಕೂತ್ಕತದೆ.’

ಪಾಂಡವಪುರದವರೆಗೂ ಕಬ್ಬಿನ ಟ್ರಾಕ್ಟರುಗಳ ಬಾಲ ಹಿಡಿದು,
ಜಕ್ಕನಹಳ್ಳಿಯಲ್ಲಿ ತಿರುಗಿದಾಗ
ಬಂಡೆಗಳು ಹಗಲಿನ ಬಿಸಿಯನ್ನು ಸಾಲ ತೀರಿಸುವಂತೆ
ಇಷ್ಟಿಷ್ಟೇ ಹಿಂದಕ್ಕೆ ಕೊಡುತ್ತಿದ್ದವು.
ಏರಿನಲ್ಲಿ ಸ್ಕೂಟರು ಕೆಮ್ಮಿತು. ಇಳಿದು ನಡೆದೆ.
ಮುಗಿಯದ ಗೋಪುರದ ಕಂಬಗಳ ಕೆಳಗೆ
ಮದುವೆಯಾಗಲಿರುವ ಜೋಡಿಯೊಂದಕ್ಕೆ ಕ್ಯಾಮೆರಾದವನು
‘ನಗಿ, ಇನ್ನೂ ನಗಿ’ ಎಂದು ಗದರುತ್ತಿದ್ದ.

ಕಲ್ಯಾಣಿಯ ನೀರಲ್ಲಿ ಬೆಟ್ಟ ತಲೆಕೆಳಗಾಗಿ
ತುದಿಯ ದೀಪ ಆಳದಲ್ಲಿ ಹತ್ತಿಕೊಂಡಿತು.
ಬೀದಿಯ ತಿರುವಿನಲ್ಲಿ ಯದುಗಿರಮ್ಮನ ಮೇಜು:
ಎರಡು ಡಬರಿ, ಒಂದು ಬಲ್ಬು,
ಕೋತಿಗೆಂದು ಪಕ್ಕದಲ್ಲೇ ಒರಗಿಸಿದ ಬಿದಿರು ಕೋಲು.
ಮುತ್ತುಗದ ದೊನ್ನೆಗೆ ಕೈಯಲ್ಲೇ ಅಳೆದು ಹಾಕಿದಳು
ಕಪ್ಪಗೆ, ಎಣ್ಣೆ ಮಿಂಚುವ ಅನ್ನ.

ಬಾಯಿಗಿಟ್ಟೆ.
ಕಡಲೆಬೀಜ ಹಲ್ಲಿಗೆ ಸಿಕ್ಕಿ ಮುರಿಯಿತು, ಆ ಸದ್ದು ಗೊತ್ತಾಯಿತು.
ಖಾರ ಗಂಟಲಿಗೆ ಗೀರಿತು.
ಹುಳಿ ಬಂದಿದೆ ಎಂದು ನಾಲಿಗೆ ಹೇಳಿತು,
ಯಾರ ಮನೆಯ ಹುಳಿ ಎಂದು ಹೇಳಲಿಲ್ಲ.
ಬಾಗಿಲಾಚೆ ನಿಂತ ನೆಂಟರ ಹಾಗೆ,
ದನಿ ಇದೆ, ಮುಖವಿಲ್ಲ.

‘ಯಾಕೆ ತಾಯಿ, ಕಣ್ಣಲ್ಲಿ ನೀರು? ಖಾರವೇ?’
‘ಹೂಂ’ ಅಂದೆ.

ಹೊಂಬಾಳನಿಗೆ ತಿಳಿಯಿತು. ಮೆಟ್ಟಿಲ ಮೇಲೆ ಪಕ್ಕಕ್ಕೆ ಕೂತು
ಕುರುಡರಿಗೆ ದಾರಿ ಹೇಳುವವನಂತೆ ಶುರುಮಾಡಿದ:
‘ಮೊದ್ಲು ಎಳ್ಳು ಬತ್ತದೆ ಅಕ್ಕ, ಹುರ್ದು ಕುಟ್ಟಿದ್ದು.
ಅದರ ಬೆನ್ನಿಗೆ ಕೊಬ್ರಿ.
ಮೆಣಸು ಮೂಲೇಲಿ ಸುಮ್ಕೆ ಕುಂತಿರ್ತದೆ, ನುಂಗುವಾಗ ಏಳ್ತದೆ.
ಹುಣ್ಸೆ ಹಳೇದು, ನಮ್ಮವ್ವನ ಟ್ರಂಕ್ ತಗದಂಗೆ.
ಕೊನೀಗೆ ಬೆಲ್ಲ. ಅದೆಯೋ ಇಲ್ವೋ ಅನ್ನಂಗೆ...’
ನಿಲ್ಲಿಸಿದ.
ದೊನ್ನೆಯ ಕಡ್ಡಿ ಕೀಳುತ್ತ ಕೂತ.

‘ನಮ್ ಸಾರ್ಗೂ ಹಾಕ್ತೀನಿ ಅಕ್ಕ. ನಾಕು ತಿಂಗ್ಳಾತು.
ದನಿಯಾ ಒಂಚೂರು ಇಳ್ಸಿ, ಬೆಲ್ಲ ಒಂಚೂರು.
ನಿಮ್ಗೆ ಹೇಳನಿಲ್ಲ.’

ಕೋತಿಯೊಂದು ಮೆಟ್ಟಿಲಿಳಿದು ಬಂದು
ನನ್ನ ಕೈಯ ದೊನ್ನೆಯನ್ನೇ ನೋಡುತ್ತಿತ್ತು.
ಇಪ್ಪತ್ತಾರು ವರ್ಷದ ಸಾರು.
ಜನ ತಟ್ಟೆ ಎತ್ತಿ ಕುಡಿಯುತ್ತಿದ್ದದ್ದು, ಹಾಗಾದರೆ,
ಈ ಪೋರನ ಕೈಯದು.
ಬೈಯಲು ಬಾಯಿ ತೆರೆದೆ. ಅನ್ನವಿತ್ತು ಬಾಯಲ್ಲಿ.
ಅಗಿದು ನುಂಗುವಷ್ಟರಲ್ಲಿ ಸಿಟ್ಟಿನ ತುದಿ ಎಲ್ಲೋ ಉದುರಿತ್ತು.
‘ಹೋಗು, ಇನ್ನೆರಡು ದೊನ್ನೆ ತಗೊಂಬಾ.
ಸಕ್ಕರೆ ಪೊಂಗಲ್ಲೂ ತಾ. ಅದರಲ್ಲೇನೇನಿದೆ ಹೇಳು.’

ಇಳಿಯುವಾಗ ಕತ್ತಲು.
ಜಕ್ಕನಹಳ್ಳಿ ದಾಟಿದ ಮೇಲೆ ಹೊಲದ ನಡುವೆ
ಒಲೆಯ ಕೆಂಪು, ಅದರ ಮೇಲೆ ದಪ್ಪ ಹೊಗೆ.
‘ಆಲೆಮನೆ ಅಕ್ಕ, ಬೆಲ್ಲ ಕಾಯಿಸ್ತಾವ್ರೆ’ ಎಂದ.
ಅವನು ಹೇಳುವ ಮೊದಲೋ, ಹೇಳಿದ ಮೇಲೋ,
ಮೂಗಿನ ಹಿಂದೆ ಎಲ್ಲೋ
ಸೀದ ಪಾಕದ ಒಂದು ಎಳೆ.
ಇತ್ತೋ. ಅಥವಾ ಅವನ ಮಾತೇ ಹಾಗೆ ಘಮಘಮಿಸಿತೋ.
ಉಸಿರು ಬಿಡದೆ ಒಂದಷ್ಟು ದೂರ ಹಿಡಿದುಕೊಂಡು ಬಂದೆ,
ಸೆರಗಿನಲ್ಲಿ ಕೆಂಡ ತರುವವಳ ಹಾಗೆ.

ಹೊಂಬಾಳನಿಗೆ ಹೇಳಲಿಲ್ಲ.
‘ನಾಳೆ ಎಷ್ಟು ಹಾಕ್ತೀಯೋ, ಬೆಲ್ಲ?’ ಅಂದೆ.
ಗಾಳಿಗೆ ಕೇಳಿಸಲಿಲ್ಲವೋ ಏನೋ,
ಎದುರಿಗೆ ಯಾರೂ ಇಲ್ಲದ ರಸ್ತೆಯಲ್ಲಿ
ಸುಮ್ಮನೆ ಎರಡು ಸಲ ಹಾರ್ನ್ ಹೊಡೆದ.